ತೂಗುವ ಮುನ್ನ ಒರೆಸುವುದು: ಧೂಳಿನ ನಡುವೆ ಪ್ರಯೋಗಾಲಯದ ತಕ್ಕಡಿ

ಕನ್ನಡದಲ್ಲಿ 'ತೂಗು' ಎಂಬ ಧಾತು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ತಾಯಿ ತೊಟ್ಟಿಲನ್ನು ತೂಗುತ್ತಾಳೆ. ಅಂಗಡಿಯವನು ಬೆಲ್ಲವನ್ನು ತೂಗುತ್ತಾನೆ. ಅತ್ತಿತ್ತ ಆಡಿಸುವುದಕ್ಕೂ ಭಾರವನ್ನು ಅರಿಯುವುದಕ್ಕೂ ಒಂದೇ ಮಾತು ಸಲ್ಲುತ್ತಿರುವುದು ಸಹಜವೇ ಆಗಿದೆ. ತೂಗುಹಾಕಿದ ದಂಡವೊಂದು ಅತ್ತಿತ್ತ ಆಡಿ ಒಂದೆಡೆ ನಿಲ್ಲುವುದನ್ನು ನೋಡಿಯೇ ಹಿಂದಿನವರು ಭಾರವನ್ನು ನಿರ್ಣಯಿಸುತ್ತಿದ್ದರು. ಆ ದಂಡದ ನಡುವೆ ನಿಂತ ಸೂಚಿಗೆ ಕನ್ನಡದಲ್ಲಿ 'ಮುಳ್ಳು' ಎಂದು ಹೆಸರು. ಮರಾಠಿಯಲ್ಲಿ ಅದು 'ಕಾಟಾ', ಅದರ ಅರ್ಥವೂ ಮುಳ್ಳೇ. ಮುಂದೆ ಆ ಹೆಸರು ಇಡೀ ತಕ್ಕಡಿಗೇ ಹಬ್ಬಿ, ಉತ್ತರ ಕರ್ನಾಟಕದ ಪೇಟೆಗಳಿಗೂ ಬಂದಿತು. ಬೆಳಗಾವಿ ಧಾರವಾಡಗಳ ಕಡೆ ಕೇಳಿಬರುವ 'ತ್ರಾಸು', ತಮಿಳಿನ 'ತರಾಸು' ಇವೆರಡೂ ಪಾರಸಿಯ 'ತರಾಜೂ' ಎಂಬುದರ ಮಕ್ಕಳು. ಹೀಗಾಗಿ ತಾಳವಾಡಿ ಮಲೆಯ ಪಣಕಹಳ್ಳಿಯ ಕನ್ನಡಿಗ ರೈತನು ಮನೆಯಲ್ಲಿ ತಕ್ಕಡಿ ಎಂದು, ಘಟ್ಟವಿಳಿದು ಸತ್ಯಮಂಗಲದ ಪೇಟೆಗೆ ಹೋದಾಗ ತರಾಸು ಎಂದು ಹೇಳಿದರೆ, ಅವನು ಧಾರವಾಡದ ವ್ಯಾಪಾರಿಯ ಮಾತನ್ನೇ ಇನ್ನೊಂದು ದಾರಿಯಿಂದ ಪಡೆದಿದ್ದಾನೆ ಎನ್ನಬೇಕು.

ಕನ್ನಡ ವಿಭಾಗದ ಪತ್ರಿಕೆಯಲ್ಲಿ ತಕ್ಕಡಿಯ ಪಾಠವೇಕೆ ಎಂದು ಕೇಳುವವರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರನ್ನು ನೆನಪಿಸಿದರೆ ಸಾಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರೇ 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಪಂಪಭಾರತದ ಸಂಪಾದನೆಯಲ್ಲಿಯೂ ದುಡಿದರು. ಉಪಕರಣದ ಅಂಗಗಳಿಗೆ ತನ್ನ ನುಡಿಯಲ್ಲಿ ಹೆಸರು ತಿಳಿಯದ ವಿದ್ಯಾರ್ಥಿ ಆ ಅಂಗಗಳನ್ನು ಗಮನಿಸುವುದೂ ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಪ್ರಯೋಗಾಲಯಕ್ಕೆ ಕಾಲಿಡುವ ಗಡಿನಾಡಿನ ಮಕ್ಕಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಮೊದಲು ಹಳೆಯ ಭೌತಿಕ ತಕ್ಕಡಿಯನ್ನು ನೋಡೋಣ. ಗಾಜಿನ ಗೂಡಿನೊಳಗೆ ನಿಂತಿರುವ ಈ ಸಾಧನ ಇಂದಿಗೂ ಅನೇಕ ಶಾಲೆ ಕಾಲೇಜುಗಳಲ್ಲಿ ಉಳಿದಿದೆ. ಇದರ ತುಲಾದಂಡವು ನಡುವೆ ಒಂದು ಅಲಗಿನ ಮೇಲೆ ಕುಳಿತಿರುತ್ತದೆ. ಎರಡು ತುದಿಗಳಲ್ಲಿ ಇನ್ನೆರಡು ಅಲಗುಗಳಿದ್ದು ಅವುಗಳಿಂದ ತಟ್ಟೆಗಳು ತೂಗುತ್ತವೆ. ಅಲಗುಗಳೂ ಅವು ಕೂರುವ ಚಪ್ಪಟೆ ಬಿಲ್ಲೆಗಳೂ ಸಾಮಾನ್ಯವಾಗಿ ಅಕೀಕು ಕಲ್ಲಿನವು. ಕಲ್ಲಿನ ಹರಿತವಾದ ಅಂಚೊಂದು ನುಣುಪಾದ ಕಲ್ಲಿನ ಮೇಲೆ ಗೆರೆಯಷ್ಟೇ ಅಗಲದಲ್ಲಿ ತಾಗಿರುವುದರಿಂದಲೇ ದಂಡವು ಬಹಳ ಹೊತ್ತು ಸರಾಗವಾಗಿ ಆಡುತ್ತದೆ. ಅದು ನಿಲ್ಲುವವರೆಗೆ ಕಾಯದೆ, ಮುಳ್ಳು ಎಡಕ್ಕೆ ಮೂರು ಸಲ, ಬಲಕ್ಕೆ ಎರಡು ಸಲ ತಲುಪಿದ ತುದಿಗಳನ್ನು ಬರೆದುಕೊಂಡು, ಎರಡೂ ಬದಿಯ ಸರಾಸರಿಗಳ ನಡುವಣ ಬಿಂದುವನ್ನು ತೆಗೆಯುವುದು ಕ್ರಮ. ಇದಕ್ಕೆ ವಿಶ್ರಾಂತಿ ಬಿಂದು ಎಂದು ಹೆಸರು. ತೂಗಾಟದಿಂದಲೇ ತೂಕ, ಧಾತುವಿನ ಎರಡು ಅರ್ಥಗಳೂ ಇಲ್ಲಿ ಒಂದೇ ಗಾಜಿನ ಗೂಡಿನೊಳಗೆ ಕೂಡಿವೆ.

ಅಲಗಿಗೂ ಬಿಲ್ಲೆಗೂ ನಡುವೆ ಒಂದು ಕಣ ಸೇರಿತೆಂದರೆ ತೂಗಾಟ ಬೇಗನೆ ಸಾಯುತ್ತದೆ. ಅದೇ ಭಾರವನ್ನು ಮತ್ತೆ ಇಟ್ಟರೂ ಮುಳ್ಳು ಮೊದಲು ನಿಂತ ಕಡೆ ನಿಲ್ಲುವುದಿಲ್ಲ. ಹಳೆಯ ತಕ್ಕಡಿಯ ದೊಡ್ಡ ಗುಣವೇ ಇದು: ಅದು ತನ್ನ ಕಾಯಿಲೆಯನ್ನು ಬಚ್ಚಿಡುವುದಿಲ್ಲ, ನೋಡುವ ಕಣ್ಣಿದ್ದರೆ ಮುಳ್ಳಿನ ನಡಿಗೆಯಲ್ಲೇ ತೋರಿಸುತ್ತದೆ. ಈಗ ಎಲ್ಲೆಡೆಯೂ ಬಂದಿರುವ ವಿದ್ಯುನ್ಮಾನ ತಕ್ಕಡಿಯಲ್ಲಿ ಆಡುವುದು ಏನೂ ಕಾಣದು. ತಟ್ಟೆಯ ಕೆಳಗೆ ಅಯಸ್ಕಾಂತದ ನಡುವಿನ ಸುರುಳಿಯಲ್ಲಿ ವಿದ್ಯುತ್ತು ಹರಿದು ತಟ್ಟೆಯನ್ನು ಅದರ ಮೊದಲಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತಿನ ಪ್ರಮಾಣವೇ ಪರದೆಯ ಮೇಲೆ ಗ್ರಾಂ ಆಗಿ ಮೂಡುತ್ತದೆ. ನಾಲ್ಕು ದಶಮಾಂಶ ಸ್ಥಾನಗಳ ಹೊಳೆಯುವ ಅಂಕಿಯ ಎದುರು ನಿಂತವನಿಗೆ ಸಂಶಯ ಹುಟ್ಟುವುದು ಕಷ್ಟ.

ಈ ಎರಡು ತಕ್ಕಡಿಗಳ ನಡುವೆ ಬೆಟ್ಟದ ನಾಡಿನವರು ತಿಳಿದಿರಲೇಬೇಕಾದ ಇನ್ನೊಂದು ಭೇದವಿದೆ. ಹಳೆಯದು ದ್ರವ್ಯವನ್ನು ದ್ರವ್ಯದ ಎದುರಿಗಿಟ್ಟು ಹೋಲಿಸುತ್ತದೆ; ಆದ್ದರಿಂದ ಬಯಲಿನಲ್ಲಿಯೂ ಮಲೆಯ ಮೇಲೆಯೂ ಅದರ ಮಾತು ಒಂದೇ. ಹೊಸದು ಭೂಮಿಯ ಸೆಳೆತವನ್ನು ಅಳೆಯುತ್ತದೆ. ಬಯಲುಸೀಮೆಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿಸಿ ತಾಳವಾಡಿಯ ಕಡೆಗೆ ತಂದರೆ, ಏರಿದ ಪ್ರತಿ 500 ಮೀಟರಿಗೆ ಸೆಳೆತವು ಹತ್ತು ಸಾವಿರದಲ್ಲಿ ಒಂದರಿಂದ ಒಂದೂವರೆ ಪಾಲಿನಷ್ಟು ಕುಗ್ಗಿರುತ್ತದೆ. 100 ಗ್ರಾಂ ಬಟ್ಟು 10ರಿಂದ 15 ಮಿಲಿಗ್ರಾಂ ಕಡಿಮೆ ತೋರುತ್ತದೆ. ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನೂ ತೋರಿಸಬಲ್ಲ ಸಾಧನಕ್ಕೆ ಇದು ಸಣ್ಣ ತಪ್ಪಲ್ಲ. ಆದ್ದರಿಂದ ತಕ್ಕಡಿ ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿಯೇ, ಅದೇ ಮೇಜಿನ ಮೇಲೆಯೇ, ಗೊತ್ತಿರುವ ಬಟ್ಟನ್ನಿಟ್ಟು ಅದನ್ನು ಸರಿಹೊಂದಿಸಬೇಕು. ಕಾರ್ಖಾನೆಯಿಂದ ಬಂದ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಚೆಂದ, ಅಷ್ಟೆ.

ಇನ್ನು ಧೂಳಿನ ವಿಚಾರ. ಒಣ ತಿಂಗಳುಗಳ ಕೆಂಪು ಮಣ್ಣು, ರಾಗಿ ಒಕ್ಕುವ ಕಾಲದ ಹೊಟ್ಟು, ಮಣ್ಣುರಸ್ತೆಯಲ್ಲಿ ವಾಹನ ಹೋದ ಮೇಲೆ ಎದ್ದು ನಿಲ್ಲುವ ಪುಡಿ, ಇವೆಲ್ಲ ಕಿಟಕಿಯಿಂದ ಬರುತ್ತವೆ. ಆದರೆ ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಧೂಳಿನ ಮುಖ್ಯ ಮೂಲ ಹೊರಗಿಲ್ಲ, ಒಳಗೇ ಇದೆ. ಹೊಲದಿಂದ ತಂದ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ಸಾವಯವ ಇಂಗಾಲದ ಪರೀಕ್ಷೆಗೆ ಅದಕ್ಕಿಂತಲೂ ನುಣ್ಣಗೆ ಮಾಡುತ್ತಾರೆ. ಪರೀಕ್ಷಿಸಬೇಕಾದ ವಸ್ತುವೇ ಇಲ್ಲಿ ಧೂಳು. ಕುಟ್ಟುವ ಕಲ್ಲೂ ತಕ್ಕಡಿಯೂ ಒಂದೇ ಕೋಣೆಯಲ್ಲಿದ್ದರೆ ಉಳಿದ ಎಚ್ಚರಿಕೆಗಳೆಲ್ಲ ವ್ಯರ್ಥ.

ಗಾಳಿಯಲ್ಲಿ ಧೂಳು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮಿಲಿಮೀಟರಿನ ನೂರನೆಯ ಒಂದು ಪಾಲು ವ್ಯಾಸವುಳ್ಳ ಮರಳಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಎರಡು ಮೀಟರ್ ಇಳಿಯಲು ಸುಮಾರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಅದರ ಹತ್ತನೆಯ ಒಂದು ಪಾಲಿನ ಕಣಕ್ಕೆ ಆರೇಳು ಗಂಟೆ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕೋಣೆಯನ್ನು ಪೊರಕೆಯಿಂದ ಗುಡಿಸಿ ಹತ್ತಕ್ಕೆ ತೂಗಲು ಕುಳಿತರೆ, ಒರಟು ಧೂಳು ಆಗಲೇ ಮೇಜಿನ ಮೇಲೆ ಕುಳಿತಿರುತ್ತದೆ, ನುಣ್ಣನೆಯದು ಸಂಜೆಯವರೆಗೂ ತಕ್ಕಡಿಯ ಮೇಲೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ತಕ್ಕಡಿಯ ಕೋಣೆಗೆ ಪೊರಕೆ ಸಲ್ಲದು. ಕೆಲಸ ಮುಗಿದ ಮೇಲೆ, ತಕ್ಕಡಿಗೆ ಹೊದಿಕೆ ಹಾಕಿ, ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸಬೇಕು. ಪ್ರತಿದಿನ ಮುಂಜಾನೆ ಗುಡಿಸುವುದೇ ಶುಚಿತ್ವ ಎಂದು ನಂಬಿದ ಮನೆತನಗಳಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಪ್ರಯೋಗಾಲಯದ ಮಡಿಯೇ ಬೇರೆ.

ವಿದ್ಯುನ್ಮಾನ ತಕ್ಕಡಿಯಲ್ಲಿ ಧೂಳು ಮೋಸ ಮಾಡುವ ಬಗೆಯನ್ನು ಅರಿಯಲು ಮರಾಠಿಯ ಇನ್ನೊಂದು ಮಾತು ನೆರವಾಗುತ್ತದೆ. ಎಣ್ಣೆಯನ್ನೋ ತುಪ್ಪವನ್ನೋ ತೂಗುವ ಮೊದಲು ಬರಿಯ ಪಾತ್ರೆಯ ಭಾರಕ್ಕೆ ಸರಿದೂಗುವಂತೆ ಎದುರು ತಟ್ಟೆಗೆ ಇಡುವ ಕಲ್ಲಿಗೆ 'ಧಡಾ' ಎನ್ನುತ್ತಾರೆ. ಪಾಠ ಎಂಬುದಕ್ಕೂ ಮರಾಠಿಯಲ್ಲಿ ಇದೇ ಮಾತು. ಈಗಿನ ತಕ್ಕಡಿಯಲ್ಲಿ ಧಡಾ ಕಟ್ಟುವ ಕೆಲಸವನ್ನು ಒಂದು ಗುಂಡಿ ಮಾಡುತ್ತದೆ; 'ಟೇರ್' ಎಂದು ಬರೆದಿರುವ ಅದನ್ನು ಒತ್ತಿದರೆ ತಟ್ಟೆಯ ಮೇಲೆ ಏನೇ ಇದ್ದರೂ ಪರದೆ ಸೊನ್ನೆಯನ್ನು ತೋರಿಸುತ್ತದೆ. ತಟ್ಟೆಯ ಮೇಲೆ 3 ಮಿಲಿಗ್ರಾಂ ಧೂಳಿದ್ದರೆ ಅದೂ ಸೊನ್ನೆಯೊಳಗೆ ಅಡಗಿಹೋಗುತ್ತದೆ. ಆ ಧೂಳು ಅಲ್ಲಿಯೇ ಅಲುಗದೆ ಇರುವವರೆಗೆ ಕೇಡೂ ಇಲ್ಲ. ಆದರೆ ಪಾತ್ರೆಯನ್ನು ಎತ್ತಿದಾಗ ಅದರ ತಳಕ್ಕೆ ಅರ್ಧ ಅಂಟಿಕೊಂಡು ಹೋದರೆ, ಮುಂದಿನ ತೂಕ ಕೆಟ್ಟಿತು. ತಟ್ಟೆಯ ಕೆಳಗಿನ ಸಂದಿಯಲ್ಲಿ ಸೇರಿದ ಧೂಳು ಇನ್ನೂ ಕಪಟಿ. ಅದು ತಟ್ಟೆಯ ಅಂಚನ್ನು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಒಂದಿಷ್ಟು ಭಾರವನ್ನು ತಾನೇ ಹೊತ್ತು ಸುರುಳಿಗೆ ಕಡಿಮೆ ತಿಳಿಸುತ್ತದೆ. ಸೊನ್ನೆ ಸರಿಯಾಗಿರುವುದು ತೂಕ ಸರಿಯಾಗಿದೆ ಎಂಬುದಕ್ಕೆ ಆಧಾರವಲ್ಲ. ಈ ಪಾಠದಲ್ಲಿ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

'ಕ್ಯಾಲಿಬ್ರೇಷನ್' ಗುಂಡಿಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ತಕ್ಕಡಿ ತಪ್ಪು ತೋರುತ್ತಿದೆಯೆಂದು ಗಾಬರಿಯಾಗಿ, ಒರೆಸದೆ ಆ ಗುಂಡಿಯನ್ನು ಒತ್ತಿದರೆ, ಧೂಳಿನ ತಡೆಯೊಡನೆಯೇ ಸಾಧನವು ತನ್ನ ಅಳತೆಗೋಲನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮರುದಿನ ಯಾರೋ ತಟ್ಟೆಯನ್ನು ಒರೆಸಿದಾಗ ಎಲ್ಲ ತೂಕಗಳೂ ಹೆಚ್ಚು ತೋರತೊಡಗುತ್ತವೆ. ಒರೆಸಿದವನ ಮೇಲೆ ತಪ್ಪು ಬರುತ್ತದೆ. ಒರೆಸುವುದು ಮೊದಲು, ಸರಿಹೊಂದಿಸುವುದು ಆಮೇಲೆ.

ಧೂಳಿನ ನಡುವೆ ಅತಿ ಸಣ್ಣ ತೂಕವನ್ನು ಅರಿಯಬೇಕಾದ ಅನಿವಾರ್ಯ ಕನ್ನಡನಾಡಿನಲ್ಲಿ ಬೇರೆಲ್ಲಕ್ಕಿಂತ ಹೆಚ್ಚಾಗಿ ಚಿನ್ನದ ಗಣಿಗಳಲ್ಲಿ ಒದಗಿತು. ಕೋಲಾರದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯ ಕಾಲ 1880ರಲ್ಲಿ ಆರಂಭವಾಯಿತು. 2001ರ ಫೆಬ್ರವರಿಯ ಕೊನೆಗೆ ಗಣಿಗಳು ಮುಚ್ಚಿದವು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು ಊರಿನ ನಡುವೆ ಇಂದಿಗೂ ನಿಂತಿವೆ. 'ಸಯನೈಡ್ ದಿಬ್ಬ' ಎಂದೇ ಅವುಗಳಿಗೆ ಹೆಸರು, ಗಾಳಿ ಬೀಸಿದಾಗ ಆ ಪುಡಿ ಮನೆಮನೆಗೆ ಬರುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಕೆಲಸ ಈಗಲೂ ನಡೆದಿದೆ. ಇಂಥ ಗಣಿಯಲ್ಲಿ ಅದಿರಿನ ಯೋಗ್ಯತೆಯನ್ನು ಅರಿಯುವ ಹಳೆಯ ವಿಧಾನ ಬೆಂಕಿಯ ಪರೀಕ್ಷೆ. ಸುಮಾರು 30 ಗ್ರಾಂ ಅದಿರಿನ ಪುಡಿಯನ್ನು ಸೀಸದ ಆಕ್ಸೈಡ್, ಸೋಡ, ಬಿಳಿಗಾರಗಳೊಡನೆ ಮೂಸೆಯಲ್ಲಿ ಕರಗಿಸಿದರೆ, ಸೀಸವು ಚಿನ್ನವನ್ನು ತನ್ನೊಳಗೆ ಸೆಳೆದುಕೊಂಡು ತಳದಲ್ಲಿ ಗುಂಡಿಯಾಗಿ ನಿಲ್ಲುತ್ತದೆ. ಆ ಗುಂಡಿಯನ್ನು ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿ ಕಾಯಿಸಿದಾಗ ಸೀಸವನ್ನು ಬೂದಿ ಹೀರಿಕೊಳ್ಳುತ್ತದೆ. ಚಿನ್ನ ಬೆಳ್ಳಿಗಳ ಮಣಿಯೊಂದು ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ ತೆಗೆದು, ಉಳಿದ ಚಿನ್ನವನ್ನು ತೂಗುತ್ತಾರೆ.

ಟನ್ನಿಗೆ 5 ಗ್ರಾಂ ಚಿನ್ನವಿರುವ ಅದಿರೆಂದು ಇಟ್ಟುಕೊಳ್ಳೋಣ. 30 ಗ್ರಾಂ ಮಾದರಿಯಲ್ಲಿ ಇರಬೇಕಾದ ಚಿನ್ನ 0.15 ಮಿಲಿಗ್ರಾಂ. ಈಗ ಅರ್ಧ ಮಿಲಿಮೀಟರ್ ವ್ಯಾಸದ ಮರಳಿನ ಕಣವೊಂದರ ತೂಕವನ್ನು ಲೆಕ್ಕ ಹಾಕಿದರೆ 0.17 ಮಿಲಿಗ್ರಾಂ ಬರುತ್ತದೆ. ತೂಗುವ ಹೊತ್ತಿಗೆ ತಟ್ಟೆಯ ಮೇಲೆ ಒಂದೇ ಒಂದು ಮರಳ ಕಣ ಬಿದ್ದರೆ ಆ ಗಣಿಯ ಚಿನ್ನ ಕಾಗದದ ಮೇಲೆ ಇಮ್ಮಡಿಯಾಗುತ್ತದೆ. ಅದನ್ನು ನಂಬಿ ಸುರಂಗ ತೋಡಿದರೆ ವ್ಯಯವಾಗುವುದು ಕೂಲಿಯಾಳುಗಳ ದುಡಿಮೆ. ಅದಿರು ಅರೆಯುವ ಸ್ಥಳದಿಂದ ತೂಗುವ ಕೋಣೆಯನ್ನು ದೂರವಿಡುವುದು, ಬರಿಯ ಶುದ್ಧ ಮರಳನ್ನು ಅದಿರಿನಂತೆಯೇ ಎಲ್ಲ ಹಂತಗಳಲ್ಲಿ ನಡೆಸಿ ಕೊನೆಗೆ ಏನೂ ಉಳಿಯದಿರುವುದನ್ನು ಖಚಿತಪಡಿಸಿಕೊಳ್ಳುವುದು, ಇಂಥ ಶಿಸ್ತುಗಳು ಚಿನ್ನ ಪರೀಕ್ಷಕರಲ್ಲಿ ಬೇರೂರಿದ್ದಕ್ಕೆ ಕಾರಣ ಇದೇ. ಖಾಲಿ ಮಾದರಿಯಲ್ಲಿ ಚಿನ್ನ ಕಂಡರೆ ಸಂತೋಷಪಡುವಂತಿಲ್ಲ.

ಕೋಲಾರದ ಧೂಳಿಗೆ ಇನ್ನೊಂದು ಕರಾಳ ಮುಖವಿದೆ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಗಣಿಕೆಲಸಗಾರರಲ್ಲಿ. ಕಲ್ಲಿನ ಧೂಳನ್ನು ಉಸಿರಾಡುವವರನ್ನು ಕಾಪಾಡಬೇಕಾದರೆ ಆ ಧೂಳನ್ನೇ ತೂಗಬೇಕಾಗುತ್ತದೆ. ಕೆಲಸಗಾರನ ಕೊರಳ ಬಳಿ ಪುಟ್ಟ ಸೋಸುಕಾಗದವನ್ನು ಸಿಕ್ಕಿಸಿ, ನಿಮಿಷಕ್ಕೆ ಸುಮಾರು ಎರಡು ಲೀಟರ್ ಗಾಳಿಯನ್ನು ಅದರ ಮೂಲಕ ಎಂಟು ಗಂಟೆ ಎಳೆಯುತ್ತಾರೆ. ಒಟ್ಟು ಹೆಚ್ಚುಕಡಿಮೆ ಒಂದು ಘನಮೀಟರ್ ಗಾಳಿ. ನಮ್ಮ ಗಣಿ ನಿಯಮಗಳ ಪ್ರಕಾರ ಉಸಿರಿಗೆ ಸೇರಬಲ್ಲ ಧೂಳು ಘನಮೀಟರಿಗೆ 3 ಮಿಲಿಗ್ರಾಂ ಮೀರಬಾರದು. ಧೂಳಿನಲ್ಲಿ ಸಿಲಿಕಾ ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ, 15ನ್ನು ಆ ಶೇಕಡಾ ಸಂಖ್ಯೆಯಿಂದ ಭಾಗಿಸಿದಷ್ಟೇ ಮಿತಿ. ಸಿಲಿಕಾ ನೂರಕ್ಕೆ 20 ಇದ್ದಲ್ಲಿ ಮಿತಿ 0.75 ಮಿಲಿಗ್ರಾಂ. ಕೆಲಸಕ್ಕೆ ಮುಂಚೆ ತೂಗಿದ ಕಾಗದ, ಕೆಲಸದ ಬಳಿಕ ತೂಗಿದ ಅದೇ ಕಾಗದ, ಇವೆರಡರ ನಡುವಿನ ಅಷ್ಟು ಸಣ್ಣ ಅಂತರದ ಮೇಲೆ ಒಬ್ಬನ ಶ್ವಾಸಕೋಶದ ಭವಿಷ್ಯ ನಿಂತಿದೆ. ಮೊದಲ ಸಲ ತೂಗುವಾಗ ತಟ್ಟೆಯ ಮೇಲಿನ ಧೂಳು ಕಾಗದಕ್ಕೆ ಅಂಟಿದ್ದು ಆಮೇಲೆ ಉದುರಿಹೋದರೆ, ಅಪಾಯದ ಸ್ಥಳವೂ ಸುರಕ್ಷಿತವೆಂದು ದಾಖಲಾಗುತ್ತದೆ. ಇದಕ್ಕಾಗಿ ಬಳಸದ ಕಾಗದವೊಂದನ್ನು ಜೊತೆಗೇ ಒಯ್ದು, ಜೊತೆಗೇ ತಂದು, ಎರಡೂ ಸಲ ತೂಗುತ್ತಾರೆ. ಅದರ ತೂಕ ಬದಲಾಗಿದ್ದರೆ ಅಂದಿನ ಇಡೀ ಲೆಕ್ಕವೇ ಸಂಶಯಾಸ್ಪದ.

ಹಾಗೆಂದು ಎಲ್ಲ ತೂಕದಲ್ಲಿಯೂ ಧೂಳಿಗೆ ಇಷ್ಟೇ ಹೆದರಬೇಕಿಲ್ಲ; ವಿವೇಚನೆ ಬೇಕು. ಪಣಕಹಳ್ಳಿಯ ಹೊಲವೊಂದರ ಮಣ್ಣನ್ನು 1 ಗ್ರಾಂ ತೂಗಿದಾಗ 5 ಮಿಲಿಗ್ರಾಂ ಏರುಪೇರಾದರೆ ಉತ್ತರ ನೂರಕ್ಕೆ ಅರ್ಧದಷ್ಟು ಕೆಡುತ್ತದೆ. ಒಂದು ಹೆಕ್ಟೇರಿನ ಮೇಲ್ಮಣ್ಣು, 15 ಸೆಂಟಿಮೀಟರ್ ಆಳದವರೆಗೆ, ಸುಮಾರು 224 ಕೋಟಿ ಗ್ರಾಂ ಎಂದು ಲೆಕ್ಕ. ಅದರ ಪ್ರತಿನಿಧಿಯಾಗಿ ಬಂದ 1 ಗ್ರಾಮನ್ನು ಹೊಲದ ಯಾವ ಮೂಲೆಯಿಂದ ಎತ್ತಿದರು ಎಂಬುದರಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ತಪ್ಪು ಅಡಗಿರಬಹುದು. ಗೊಬ್ಬರದ ಗುಂಡಿಯ ಪಕ್ಕದ ಮಣ್ಣನ್ನು ತಂದವನಿಗೆ ಎಂಥ ತಕ್ಕಡಿಯೂ ನ್ಯಾಯ ಒದಗಿಸಲಾರದು. ಧೂಳು ನಿಜವಾಗಿ ಕೊಲ್ಲುವುದು ಎರಡು ದೊಡ್ಡ ತೂಕಗಳ ನಡುವಿನ ಸಣ್ಣ ಅಂತರವೇ ಉತ್ತರವಾಗಿರುವಲ್ಲಿ. 25 ಗ್ರಾಂ ಮೂಸೆಯಲ್ಲಿ 20 ಮಿಲಿಗ್ರಾಂ ಬೂದಿಯನ್ನು ಹುಡುಕುವಾಗ 2 ಮಿಲಿಗ್ರಾಂ ಧೂಳು ಹತ್ತನೆಯ ಒಂದು ಪಾಲಿನ ಸುಳ್ಳು. ತಾನು ಮಾಡುತ್ತಿರುವ ತೂಕ ಈ ಎರಡರಲ್ಲಿ ಯಾವ ಬಗೆಯದೆಂದು ವಿದ್ಯಾರ್ಥಿಯು ತೂಗುವ ಮೊದಲೇ ಯೋಚಿಸಬೇಕು.

ಆಚರಣೆಯ ಮಾತಿಗೆ ಬಂದರೆ, ಮೊದಲ ಪ್ರಶ್ನೆ ಸ್ಥಳದ್ದು. ರಸ್ತೆಯ ಕಡೆಗೆ ಕಿಟಕಿಯಿಲ್ಲದ, ಬಿಸಿಲು ನೇರವಾಗಿ ಬೀಳದ, ಜನ ಹಾದುಹೋಗದ ಸಣ್ಣ ಕೋಣೆ ಒಳ್ಳೆಯದು. ಫ್ಯಾನು ತಲೆಯ ಮೇಲಿದ್ದರೆ ಅದನ್ನು ನಿಲ್ಲಿಸಬೇಕು. ಅದರ ರೆಕ್ಕೆಗಳ ಮೇಲೆ ಕೂತ ಧೂಳೇ ಸಾಕಷ್ಟಿರುತ್ತದೆ. ತಕ್ಕಡಿ ಕೂರುವುದಕ್ಕೆ ದಪ್ಪನೆಯ ಕಲ್ಲಿನ ಚಪ್ಪಡಿಗಿಂತ ಉತ್ತಮವಾದದ್ದಿಲ್ಲ, ನಮ್ಮ ಕಡೆ ಕಲ್ಲಿಗೆ ಬರವೂ ಇಲ್ಲ. ಚಪ್ಪಡಿ ಗೋಡೆಗೆ ತಾಗದೆ ತನ್ನದೇ ಕಾಲುಗಳ ಮೇಲೆ ನಿಂತಿದ್ದರೆ ಬಾಗಿಲು ಬಡಿದಾಗಲೂ ಅಂಕಿ ಕುಣಿಯದು. ಬಾಗಿಲ ಬಳಿ ಒದ್ದೆ ಗೋಣಿಯೊಂದನ್ನು ಹಾಸಿ, ಪಾದರಕ್ಷೆಗಳನ್ನು ಹೊರಗೇ ಬಿಡಿಸಿದರೆ ಅರ್ಧ ಧೂಳು ಹೊಸ್ತಿಲಲ್ಲೇ ನಿಲ್ಲುತ್ತದೆ. ಇದಕ್ಕೆ ಖರ್ಚಿಲ್ಲ.

ಒರೆಸುವ ಕ್ರಮದಲ್ಲಿ ಅವಸರ ಸಲ್ಲದು. ತಕ್ಕಡಿಯನ್ನು ಆರಿಸಿ, ತಟ್ಟೆಯನ್ನೂ ಅದರ ಕೆಳಗಿನ ಉಂಗುರವನ್ನೂ ಮೆಲ್ಲನೆ ಎತ್ತಿ ಹೊರಗಿಡಬೇಕು. ಅವುಗಳನ್ನು ಸ್ವಲ್ಪ ಒದ್ದೆಯಾದ ನಾರು ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಗೂಡಿನೊಳಗಿನ ನೆಲವನ್ನು ಮೃದುವಾದ ಕುಂಚದಿಂದ, ನಡುವಿನಿಂದ ಹೊರಕ್ಕೆ, ಎಂದಿಗೂ ಹೊರಗಿನಿಂದ ನಡುವಿನ ಕಡೆಗಲ್ಲ, ಗುಡಿಸಬೇಕು. ನಡುವೆ ಇರುವ ರಂಧ್ರದ ಮೂಲಕವೇ ಧೂಳು ಯಂತ್ರದ ಹೊಟ್ಟೆಗೆ ಇಳಿಯುವುದು. ಒಳಗೆ ಸೇರಿದ ಕಬ್ಬಿಣಾಂಶದ ಕಣ ಅಯಸ್ಕಾಂತದ ಸಂದಿಯನ್ನು ಹಿಡಿದುಕೊಂಡರೆ ಅದನ್ನು ಬಿಡಿಸುವುದು ತಂತ್ರಜ್ಞನ ಕೆಲಸ. ಬಾಯಿಂದ ಊದುವ ಚಾಳಿಯನ್ನು ಕಠಿಣವಾಗಿ ನಿಷೇಧಿಸಬೇಕು. ಊದಿದವನು ಧೂಳನ್ನು ಕಳೆಯುವುದಿಲ್ಲ, ಒಳಕ್ಕೆ ದೂಡುತ್ತಾನೆ, ಜೊತೆಗೆ ಉಗುಳಿನ ತೇವವನ್ನೂ ಸೇರಿಸುತ್ತಾನೆ. ಹಳೆಯ ತಕ್ಕಡಿಯಲ್ಲಾದರೆ ದಂಡವನ್ನು ಹಿಡಿಕೆಯಿಂದ ಇಳಿಸಿ ಅಲಗುಗಳಿಗೆ ವಿಶ್ರಾಂತಿ ಕೊಟ್ಟ ಮೇಲೆಯೇ ಕುಂಚ ಮುಟ್ಟಬೇಕು; ಬಟ್ಟುಗಳನ್ನು ಇಡುವಾಗ ತೆಗೆಯುವಾಗಲೂ ಇದೇ ನಿಯಮ.

ತೂಗಬೇಕಾದ ಪುಡಿಯನ್ನು ತಟ್ಟೆಯ ಮೇಲಿರುವ ಪಾತ್ರೆಗೆ ಸುರಿಯುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಅಭ್ಯಾಸ. ಪಾತ್ರೆಯನ್ನು ಹೊರಗೆ ತೆಗೆದು, ಪುಡಿಯನ್ನು ಹಾಕಿ, ತಳವನ್ನು ಒರೆಸಿ, ಮತ್ತೆ ಒಳಗಿಡುವುದು ಸರಿಯಾದ ಕ್ರಮ. ಒಲೆಯಿಂದ ಬಂದ ಮೂಸೆಯು ಶುಷ್ಕಕದಲ್ಲಿ ಪೂರ್ತಿ ತಣಿಯಬೇಕು; ಬಿಸಿ ಮೂಸೆಯ ಸುತ್ತ ಗಾಳಿ ಮೇಲೇರುವುದರಿಂದ ಅದು ಹಗುರವಾಗಿ ತೋರುತ್ತದೆ. ಒಣ ಹವೆಯಲ್ಲಿ ಇನ್ನೊಂದು ಕಾಟವಿದೆ. ಪ್ಲಾಸ್ಟಿಕ್ ಪಾತ್ರೆಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದರ ಮೇಲೆ ಸ್ಥಿರವಿದ್ಯುತ್ತು ನಿಂತು, ಧೂಳನ್ನೂ ಸೆಳೆಯುತ್ತದೆ, ಅಂಕಿಯನ್ನೂ ಮೆಲ್ಲಮೆಲ್ಲನೆ ಜಾರಿಸುತ್ತದೆ. ಬೇಸಿಗೆಯಲ್ಲಿ ಲೋಹದ ಅಥವಾ ಗಾಜಿನ ಪಾತ್ರೆಯೇ ಮೇಲು. ತಕ್ಕಡಿಯನ್ನು ಹಚ್ಚಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಯಬೇಕು, ರಸಮಟ್ಟದ ಗುಳ್ಳೆ ನಡುವಿರಬೇಕು ಎಂಬಿವು ಎಲ್ಲರೂ ಬಲ್ಲ ಮಾತುಗಳು.

ಈಗ ತಾಳೆ ನೋಡುವ ಬಟ್ಟಿನ ಸಂಗತಿ. ನಿಖರವಾದ ತೂಕ ತಿಳಿದಿರುವ ಬಟ್ಟೊಂದನ್ನು ದಿನವೂ ಮೊದಲು ತೂಗಿ ನೋಡದೆ ಕೆಲಸ ಆರಂಭಿಸಬಾರದು. ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಇ2 ವರ್ಗದ 100 ಗ್ರಾಂ ಬಟ್ಟಿಗೆ 0.16 ಮಿಲಿಗ್ರಾಂ, ಎಫ್1 ವರ್ಗದ್ದಕ್ಕೆ 0.5 ಮಿಲಿಗ್ರಾಂ ಏರುಪೇರಿಗೆ ಅವಕಾಶವಿದೆ. ಇದನ್ನು ಕೈಯಿಂದ ಮುಟ್ಟದೆ ಚಿಮುಟದಿಂದಲೇ ಎತ್ತಬೇಕು, ಬಿಗಿಯಾದ ಪೆಟ್ಟಿಗೆಯಲ್ಲಿ ಇಡಬೇಕು. ಆದರೆ ಸಾಕ್ಷಿಯ ಮೇಲೆಯೇ ಧೂಳು ಕೂತಿದ್ದರೆ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1889ರಿಂದ ಜಗತ್ತಿಗೆಲ್ಲ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿಯ ಸೆವ್ರ್ ಎಂಬಲ್ಲಿ ಇಟ್ಟಿದ್ದ ಪ್ಲಾಟಿನಂ ಇರಿಡಿಯಂ ಮಿಶ್ರಲೋಹದ ಉರುಳೆ; ಎತ್ತರ 39 ಮಿಲಿಮೀಟರ್, ವ್ಯಾಸವೂ ಅಷ್ಟೆ. ಒಂದರ ಮೇಲೊಂದು ಗಾಜಿನ ಗಂಟೆಗಳನ್ನು ಮುಚ್ಚಿ, ಬೀಗ ಹಾಕಿ ಕಾಪಾಡಿದರೂ ಅದರ ಮೈಮೇಲೆ ಗಾಳಿಯ ಕೊಳೆ ಕೂರುತ್ತಿತ್ತು. ಮೆದು ಚರ್ಮದಿಂದ ಉಜ್ಜಿ, ಆವಿಯಿಂದ ತೊಳೆದ ಮೇಲೆಯೇ ಅದನ್ನು ತೂಗುತ್ತಿದ್ದರು. ಹಾಗಿದ್ದೂ ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ನಡುವೆ ಸುಮಾರು 50 ಮೈಕ್ರೋಗ್ರಾಂ ಅಂತರ ಬಂದಿತ್ತು. ಭಾರತದ ಪಾಲಿಗೆ ಬಂದ 57ನೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂ ಯಾವ ವಸ್ತುವನ್ನೂ ಆಶ್ರಯಿಸದೆ ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ಧೂಳು ಕೂರಲಾರದ ಅಳತೆಗೋಲು ಜಗತ್ತಿಗೆ ದೊರೆಯಲು ಅಷ್ಟು ಕಾಲ ಬೇಕಾಯಿತು.

ಕಾಲೇಜಿನ ಪ್ರಯೋಗಾಲಯಕ್ಕೆ ಸುಲಭದ ಉಪಾಯವೆಂದರೆ ಎರಡು ಬಟ್ಟುಗಳನ್ನು ಇಟ್ಟುಕೊಳ್ಳುವುದು: ಒಂದು ದಿನಬಳಕೆಗೆ, ಇನ್ನೊಂದು ತಿಂಗಳಿಗೊಮ್ಮೆ ಮಾತ್ರ ಪೆಟ್ಟಿಗೆಯಿಂದ ಹೊರಬರಲು. ತಕ್ಕಡಿಯ ಪಕ್ಕದಲ್ಲಿ ದಾರ ಕಟ್ಟಿದ ಪುಸ್ತಕವಿರಬೇಕು. ದಿನಾಂಕ, ಹೊತ್ತು, ಕೋಣೆಯ ಉಷ್ಣತೆ, ಬಟ್ಟಿನ ತೂಕವಾಗಿ ಕಂಡ ಅಂಕಿ, ಒರೆಸಿದ್ದು ಯಾರು, ಇಷ್ಟನ್ನು ಬರೆದರೆ ಸಾಕು. ಕಂಡದ್ದನ್ನೇ ಬರೆಯಬೇಕು, ಇರಬೇಕಾದದ್ದನ್ನು ಬರೆಯುವ ಪುಸ್ತಕ ಇಲ್ಲದಿರುವುದೇ ಲೇಸು.

ಅಂಥ ಪುಸ್ತಕವನ್ನು ಓದುವ ಬಗೆಗೆ ಕಲ್ಪಿತ ಉದಾಹರಣೆಯೊಂದನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಕೊಡಬಹುದು. ಬಟ್ಟಿನ ಪ್ರಮಾಣಿತ ತೂಕ 100.0002 ಗ್ರಾಂ. ಸೋಮವಾರ 100.0001, ಮಂಗಳವಾರ 100.0003 ಎಂದು ಕಂಡಿತು, ಇದರಲ್ಲಿ ದೋಷವಿಲ್ಲ. ಬುಧವಾರ 99.9991 ಬಂದಿತು. ಮತ್ತೆ ಇಟ್ಟಾಗ 99.9996, ಇನ್ನೊಮ್ಮೆ 99.9987. ತಪ್ಪು ಒಂದೇ ಕಡೆಗಿದೆ, ಆದರೆ ಒಂದೇ ಅಳತೆಯದಲ್ಲ. ಏನೋ ತಟ್ಟೆಯನ್ನು ಆಗಾಗ ತಾಗುತ್ತಿದೆ ಎಂದರ್ಥ. ತಟ್ಟೆಯನ್ನು ಎತ್ತಿ ಕೆಳಗೆ ನೋಡಬೇಕು. ಇನ್ನೊಂದು ವಾರ ಅಂಕಿಗಳು 100.0004, 100.0007, 100.0011 ಎಂದು ದಿನದಿನಕ್ಕೆ ಏರುತ್ತ, ಅದೇ ದಿನ ಎಷ್ಟು ಸಲ ಇಟ್ಟರೂ ಒಂದೇ ಆಗಿ ಕಂಡವೆಂದುಕೊಳ್ಳೋಣ. ಈಗ ಪೆಟ್ಟಿಗೆಯ ಎರಡನೆಯ ಬಟ್ಟನ್ನು ತೂಗಬೇಕು. ಅದು ತನ್ನ ಪ್ರಮಾಣಿತ ತೂಕವನ್ನೇ ತೋರಿದರೆ ತಕ್ಕಡಿ ನಿರ್ದೋಷಿ, ದಿನಬಳಕೆಯ ಬಟ್ಟಿನ ಮೇಲೆ ಕೊಳೆ ಕೂತಿದೆ. ಅದೂ ಅಷ್ಟೇ ಹೆಚ್ಚು ತೋರಿದರೆ ರಸಮಟ್ಟವನ್ನೂ ಕೋಣೆಯ ಉಷ್ಣತೆಯನ್ನೂ ಪರೀಕ್ಷಿಸಿ, ತಟ್ಟೆಯನ್ನು ಒರೆಸಿ, ಆ ಬಳಿಕ ತಕ್ಕಡಿಯನ್ನು ಸರಿಹೊಂದಿಸಿ, ಯಾವ ದಿನ ಯಾವ ಬಟ್ಟಿನಿಂದ ಸರಿಹೊಂದಿಸಲಾಯಿತು ಎಂಬುದನ್ನು ಅದೇ ಸಾಲಿನಲ್ಲಿ ಬರೆದಿಡಬೇಕು. ಆ ಮೂರು ದಿನಗಳಲ್ಲಿ ತೂಗಿದ ಮಾದರಿಗಳಲ್ಲಿ ಯಾವುವನ್ನು ಮತ್ತೆ ತೂಗಬೇಕೆಂಬುದನ್ನು ಪುಸ್ತಕದ ಹಿಂದಿನ ಸಾಲುಗಳು ತಿಳಿಸುತ್ತವೆ.